ಬ್ಯಾಲಂಟೈನಿನ ಊಟದ ಮೇಜು ಮತ್ತು ಪಂಕ್ತಿಭೇದದ ಇತಿಹಾಸ



ಶಾರ್ಲಟ್ ನಗರದ ದಕ್ಷಿಣದ ಅಂಚಿನಲ್ಲಿರುವ ಬ್ಯಾಲಂಟೈನ್ ಇಂದು ಅನೇಕ ಕನ್ನಡ ಕುಟುಂಬಗಳ ನೆಲೆ. 1990ರ ದಶಕದವರೆಗೆ ಬಹುಮಟ್ಟಿಗೆ ಕಾಡು ಮತ್ತು ಹೊಲವಾಗಿದ್ದ ಈ ಪ್ರದೇಶದಲ್ಲಿ ಈಗ ಕಚೇರಿ ಸಮುಚ್ಚಯಗಳೂ ಗಾಲ್ಫ್ ಮೈದಾನವೂ ಸಾಲು ಸಾಲು ರೆಸ್ಟೋರೆಂಟುಗಳೂ ಇವೆ. ಮಕ್ಕಳ ಹುಟ್ಟುಹಬ್ಬವಿರಲಿ, ಊರಿನಿಂದ ಬಂದ ತಂದೆತಾಯಿಯರ ಸತ್ಕಾರವಿರಲಿ, ಹೊರಗೆ ಊಟಕ್ಕೆ ಹೋಗುವುದು ನಮ್ಮ ಬದುಕಿನ ಭಾಗವಾಗಿದೆ. ಹಾಗೆ ಹೋದಾಗ ಆಗುವ ನಿರಾಸೆಗಳೂ ನಮ್ಮ ಕೂಟಗಳಲ್ಲಿ ಆಗಾಗ ಮಾತಿಗೆ ಬರುತ್ತವೆ. ಅಂಥ ಒಂದು ನಿರಾಸೆಯ ಹಿಂದಿರುವ ಇತಿಹಾಸವನ್ನು ಇಲ್ಲಿ ಹೇಳಬಯಸಿದ್ದೇವೆ.

ಇತ್ತೀಚೆಗೆ ನಾವು ಮೂರು ಕುಟುಂಬದವರು ಇಲ್ಲಿನ ಒಂದು ರೆಸ್ಟೋರೆಂಟ್ ಮತ್ತು ವೈನ್ ಬಾರಿಗೆ ಹೋಗಿದ್ದೆವು. ಮೊದಲೇ ಮೇಜು ಕಾಯ್ದಿರಿಸಿದ್ದರೂ ಕುಡಿಯುವ ನೀರು ಬರಲು ಇಪ್ಪತ್ತು ನಿಮಿಷ, ಊಟ ಬರಲು ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ನಮ್ಮ ನಂತರ ಬಂದ ಪಕ್ಕದ ಮೇಜಿನವರು ಅಷ್ಟರಲ್ಲಿ ಉಂಡು ಎದ್ದಿದ್ದರು. ನಮ್ಮೊಡನಿದ್ದ ಹದಿಮೂರು ವರ್ಷದ ಬಾಲಕಿ, "ನಾವು ಇಂಡಿಯನ್ಸ್ ಅಂತ ಹೀಗೆ ಮಾಡಿದ್ರಾ ಅಪ್ಪ?" ಎಂದು ಕೇಳಿದಳು. ತಂದೆ "ಹಾಗೇನಿಲ್ಲ ಪುಟ್ಟಿ, ಅವರಿಗೆ ಕೆಲಸ ಜಾಸ್ತಿ" ಎಂದರು. ಇನ್ನೊಬ್ಬ ಹಿರಿಯರು "ಇದ್ದರೂ ಇರಬಹುದು" ಎಂದರು. ಎರಡೂ ಊಹೆಯ ಉತ್ತರಗಳೇ. ವೈದ್ಯವೃತ್ತಿಯಲ್ಲಿ ನಾವು ಬಲ್ಲಂತೆ, ಜ್ವರವೆಂಬ ಒಂದೇ ಲಕ್ಷಣದ ಹಿಂದೆ ಹತ್ತಾರು ಕಾರಣಗಳಿರುತ್ತವೆ. ಪೂರ್ವವೃತ್ತಾಂತವನ್ನು ವಿಚಾರಿಸದೆ ಯಾವ ವೈದ್ಯನೂ ರೋಗವನ್ನು ನಿರ್ಣಯಿಸುವುದಿಲ್ಲ. ಆ ಮಗುವಿನ ಪ್ರಶ್ನೆಗೂ ಅಂಥದೊಂದು ಪೂರ್ವವೃತ್ತಾಂತವಿದೆ.

ಮೊದಲು ನಮ್ಮ ಮನೆಯಂಗಳದಿಂದಲೇ ಆರಂಭಿಸುವುದು ನ್ಯಾಯ. ಒಂದೇ ಊಟದಲ್ಲಿ ಕೆಲವರನ್ನು ಬೇರೆ ಸಾಲಿನಲ್ಲಿ ಕೂರಿಸುವುದಕ್ಕೆ, ಕೆಲವರನ್ನು ಸಾಲಿಗೇ ಸೇರಿಸದಿರುವುದಕ್ಕೆ ನಮ್ಮ ಭಾಷೆಯಲ್ಲಿ ಪಂಕ್ತಿಭೇದ ಎಂಬ ಪದವೇ ಇದೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹದ ಮೂಲಕ ಅದನ್ನು ಪ್ರಶ್ನಿಸಿದರೂ ಅದು ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕರಾವಳಿಯಿಂದ ಹೊರಟ ಉಡುಪಿ ಹೋಟೆಲುಗಳು ನಾಡಿಗೆಲ್ಲ ಶುಚಿಯಾದ ಊಟ ನೀಡಿದವು, ನಿಜ. ಆದರೆ ಆ ಕಾಲದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗವಿತ್ತು, ದಲಿತರಿಗೆ ಪ್ರವೇಶವಿರಲಿಲ್ಲ. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿಯಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15(2)ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ ಮತ್ತು ಹೋಟೆಲುಗಳ ಪ್ರವೇಶಕ್ಕೆ ಜಾತಿ, ಧರ್ಮಗಳು ಅಡ್ಡಿಯಾಗಕೂಡದೆಂದು ವಿಧಿಸಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದಿತು. ಕಾಯ್ದೆ ಬಂದ ಮೇಲೂ ಎಷ್ಟೋ ಕಡೆ ಬೇರೆ ಲೋಟಗಳು ಉಳಿದವೆಂಬುದನ್ನು ನಾವು ಮರೆಯಬಾರದು.

ಅದೇ 1950ರಲ್ಲಿ ಅಮೆರಿಕದ ರಾಜಧಾನಿಯಲ್ಲಿಯೇ ಕಪ್ಪುವರ್ಣೀಯರಿಗೆ ಹೆಚ್ಚಿನ ರೆಸ್ಟೋರೆಂಟುಗಳಲ್ಲಿ ಊಟ ಸಿಗುತ್ತಿರಲಿಲ್ಲ. ಆಗ ಎಂಬತ್ತಾರರ ಹರೆಯದಲ್ಲಿದ್ದ ಮೇರಿ ಚರ್ಚ್ ಟೆರೆಲ್ ತಮ್ಮ ಸಂಗಡಿಗರೊಡನೆ ವಾಷಿಂಗ್ಟನ್ನಿನ ಥಾಂಪ್ಸನ್ ರೆಸ್ಟೋರೆಂಟಿಗೆ ಹೋಗಿ ಊಟ ಕೇಳಿದರು. ಅವರಿಗೆ ಬಡಿಸಲು ನಿರಾಕರಿಸಲಾಯಿತು. ಇಂಥ ನಿರಾಕರಣೆಯನ್ನು ನಿಷೇಧಿಸುವ ಕಾನೂನು ಆ ನಗರದಲ್ಲಿ 1872 ಮತ್ತು 1873ರಲ್ಲಿಯೇ ಆಗಿತ್ತು. ಕಾಲಾಂತರದಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ಟೆರೆಲ್ ಮತ್ತು ಸಂಗಡಿಗರು ಅದನ್ನು ಹೊರತೆಗೆದು ಹೋರಾಡಿದರು. 1953ರ ಜೂನ್ 8ರಂದು ಸುಪ್ರೀಂ ಕೋರ್ಟು ಆ ಹಳೆಯ ಕಾನೂನು ಜೀವಂತವಾಗಿದೆಯೆಂದು ತೀರ್ಪಿತ್ತಿತು.

ಭಾರತೀಯರೂ ಈ ವ್ಯವಸ್ಥೆಯಿಂದ ಹೊರತಾಗಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲುಪ್ರಯಾಣ ಮಾಡುತ್ತಿದ್ದಾಗ, ಬಿಳಿಯರ ಡಬ್ಬಿಯನ್ನು ಬಿಟ್ಟು ಏಳಬೇಕೆಂಬ ಸೂಚನೆ ಬಂದಿತು. ತಾವೂ ವರ್ಣೀಯ ಮಹಿಳೆಯೇ ಎಂದು ಹೇಳಿ ಅವರು ಕುಳಿತಲ್ಲಿಂದ ಕದಲಲಿಲ್ಲ. 1955ರ ಆಗಸ್ಟಿನಲ್ಲಿ ಭಾರತದ ರಾಯಭಾರಿ ಜಿ. ಎಲ್. ಮೆಹ್ತಾ ಅವರನ್ನು ಹ್ಯೂಸ್ಟನ್ ವಿಮಾನನಿಲ್ದಾಣದ ರೆಸ್ಟೋರೆಂಟಿನಲ್ಲಿ ಸಾರ್ವಜನಿಕ ಊಟದ ಕೋಣೆಯಿಂದ ಬೇರೆ ಕೋಣೆಗೆ ಕಳುಹಿಸಲಾಯಿತು. ಬಳಿಕ ಅಮೆರಿಕ ಸರ್ಕಾರ ಕ್ಷಮೆ ಕೋರಿತು.

ಇನ್ನು ನಾವು ವಾಸಿಸುವ ಕೆರೊಲಿನಾದ ಮಾತು. ಶಾರ್ಲಟ್ಟಿನಿಂದ ಸುಮಾರು ತೊಂಬತ್ತು ಮೈಲಿ ದೂರದ ಗ್ರೀನ್ಸ್‌ಬರೋದಲ್ಲಿ 1960ರ ಫೆಬ್ರುವರಿ 1ರಂದು ನಾಲ್ವರು ಕಪ್ಪುವರ್ಣೀಯ ವಿದ್ಯಾರ್ಥಿಗಳು ವುಲ್‌ವರ್ತ್ ಮಳಿಗೆಗೆ ಹೋದರು. ಎಜೆಲ್ ಬ್ಲೇರ್, ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕೇನ್ ಮತ್ತು ಜೋಸೆಫ್ ಮೆಕ್ನೀಲ್ ಎಂಬುವರು ಅವರು. ಮೊದಲು ಮಳಿಗೆಯಲ್ಲಿ ಸಣ್ಣಪುಟ್ಟ ಸಾಮಾನು ಕೊಂಡು ರಸೀದಿ ಪಡೆದರು; ಅನಂತರ ಅದೇ ಮಳಿಗೆಯ ಊಟದ ಕಟ್ಟೆಯಲ್ಲಿ ಕುಳಿತು ಕಾಫಿ ಕೇಳಿದರು. ಸಾಮಾನು ಮಾರಿ ಹಣ ಪಡೆದ ಮಳಿಗೆ ಕಾಫಿ ಕೊಡಲೊಪ್ಪಲಿಲ್ಲ. ಬಾಗಿಲು ಹಾಕುವವರೆಗೂ ಅವರು ಶಾಂತರಾಗಿ ಕುಳಿತಿದ್ದರು. ಮರುದಿನ ಇನ್ನಷ್ಟು ಮಂದಿ ಬಂದರು. ಫೆಬ್ರುವರಿ 9ರಂದು ಶಾರ್ಲಟ್ಟಿನ ಜಾನ್ಸನ್ ಸಿ. ಸ್ಮಿತ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚಾರ್ಲ್ಸ್ ಜೋನ್ಸ್ ಅವರ ಮುಂದಾಳತನದಲ್ಲಿ ನಮ್ಮ ನಗರದ ಊಟದ ಕಟ್ಟೆಗಳಲ್ಲಿಯೂ ಕುಳಿತರು. ಅದೇ ಜುಲೈ ತಿಂಗಳಲ್ಲಿ ಎರಡೂ ನಗರಗಳ ಕಟ್ಟೆಗಳು ಎಲ್ಲರಿಗೂ ತೆರೆದವು. ಆ ನಾಲ್ವರಲ್ಲಿ ಒಬ್ಬರಾದ ಮೆಕೇನ್ ಮುಂದೆ ರಸಾಯನಶಾಸ್ತ್ರಜ್ಞರಾಗಿ ಶಾರ್ಲಟ್ಟಿನಲ್ಲಿಯೇ ದುಡಿದು, 2014ರಲ್ಲಿ ತೀರಿಕೊಂಡರು.

ಆದರೆ ದೊಡ್ಡ ರೆಸ್ಟೋರೆಂಟುಗಳ ಬಾಗಿಲು ಮುಚ್ಚಿಯೇ ಇತ್ತು. 1963ರ ಮೇ 20ರಂದು ದಂತವೈದ್ಯರಾದ ಡಾ. ರೆಜಿನಾಲ್ಡ್ ಹಾಕಿನ್ಸ್ ಶಾರ್ಲಟ್ಟಿನಲ್ಲಿ ಮೆರವಣಿಗೆ ನಡೆಸಿದರು. ಮೇಯರ್ ಸ್ಟ್ಯಾನ್ ಬ್ರುಕ್‌ಶೈರ್ ಹಾಗೂ ವಾಣಿಜ್ಯ ಮಂಡಳಿಯ ಮುಖಂಡರು ಆ ತಿಂಗಳ ಕೊನೆಯಲ್ಲಿ ಒಂದು ಸರಳ ಉಪಾಯ ಮಾಡಿದರು: ಒಬ್ಬ ಬಿಳಿಯ ಮುಖಂಡರು ಒಬ್ಬ ಕಪ್ಪುವರ್ಣೀಯ ಮುಖಂಡರನ್ನು ಜೊತೆಗೆ ಕರೆದುಕೊಂಡು ಹೋಗಿ, ನಗರದ ಹೆಸರಾಂತ ರೆಸ್ಟೋರೆಂಟುಗಳಲ್ಲಿ ಒಂದೇ ಮೇಜಿನಲ್ಲಿ ಮಧ್ಯಾಹ್ನದ ಊಟ ಮಾಡಿದರು. ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು ಅದಾದ ಒಂದು ವರ್ಷದ ಮೇಲೆ, 1964ರ ಜುಲೈ 2ರಂದು. ಅದರ ಎರಡನೆಯ ಅಧ್ಯಾಯದಂತೆ ವರ್ಣ, ಜನಾಂಗ, ಧರ್ಮ ಅಥವಾ ಮೂಲದೇಶದ ಕಾರಣಕ್ಕೆ ರೆಸ್ಟೋರೆಂಟುಗಳಲ್ಲಿ ಭೇದ ಮಾಡುವಂತಿಲ್ಲ. ಅಟ್ಲಾಂಟಾದ ಒಂದು ಮೋಟೆಲ್ ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು ಅದೇ ಡಿಸೆಂಬರಿನಲ್ಲಿ ಒಮ್ಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು.

ಬಾಗಿಲು ತೆರೆದ ಮೇಲೆ ಉಳಿದದ್ದು ಬಾಲಕಿಯ ಪ್ರಶ್ನೆ: ಒಳಗೆ ಕೂರಿಸಿ ಕಾಯಿಸಿದರೆ? ಅದಕ್ಕೂ ದೃಷ್ಟಾಂತವಿದೆ. 1993ರ ಏಪ್ರಿಲ್ 1ರಂದು ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿ ಅಧ್ಯಕ್ಷರ ಭದ್ರತಾ ಪಡೆಯ ಅಧಿಕಾರಿಗಳು ಡೆನ್ನೀಸ್ ರೆಸ್ಟೋರೆಂಟಿಗೆ ಉಪಾಹಾರಕ್ಕೆ ಹೋದರು. ಬಿಳಿಯ ಅಧಿಕಾರಿಗಳಿಗೆ ತಿಂಡಿ ಬಂದಿತು. ಒಂದೇ ಮೇಜಿನಲ್ಲಿದ್ದ ಆರು ಮಂದಿ ಕಪ್ಪುವರ್ಣೀಯ ಅಧಿಕಾರಿಗಳು ಸುಮಾರು ಒಂದು ಗಂಟೆ ಕಾದರೂ ಬರಲಿಲ್ಲ. ಅವರು ಮೊಕದ್ದಮೆ ಹೂಡಿದರು. ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗಿನಲ್ಲಿ ಕೇಂದ್ರ ಕಚೇರಿಯಿದ್ದ ಆ ಸಂಸ್ಥೆ 1994ರಲ್ಲಿ ಇಂಥ ದಾವೆಗಳ ರಾಜಿಗಾಗಿ 54 ಮಿಲಿಯನ್ ಡಾಲರಿಗೂ ಅಧಿಕ ಹಣ ತೆರಲು ಒಪ್ಪಿತು. ಬಳಿಕ ಸಿಬ್ಬಂದಿಗೆ ತರಬೇತಿ ಕೊಟ್ಟು ತನ್ನ ಕ್ರಮವನ್ನೇ ಬದಲಿಸಿಕೊಂಡಿತು. 2000ದಲ್ಲಿ ಅದರ ಮಾತೃಸಂಸ್ಥೆ ಅಲ್ಪಸಂಖ್ಯಾತರಿಗೆ ಅತ್ಯುತ್ತಮವಾದ ಸಂಸ್ಥೆಗಳ ಫಾರ್ಚೂನ್ ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಹಾಗೆಂದು ಪ್ರತಿಯೊಂದು ವಿಳಂಬವೂ ಭೇದವೇ ಅಲ್ಲ. ಬಡಿಸುವವರ ಸಂಬಳದ ಇತಿಹಾಸವನ್ನೂ ನೋಡಬೇಕು. ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ಪುಲ್ಮನ್ ರೈಲುಗಳಲ್ಲಿ ಅಲ್ಪ ಸಂಬಳಕ್ಕೆ ನೇಮಿಸಿ, ಉಳಿದದ್ದನ್ನು ಪ್ರಯಾಣಿಕರ ಭಕ್ಷೀಸಿನಿಂದ ತುಂಬಿಕೊಳ್ಳಲು ಬಿಡುವ ಪದ್ಧತಿ ಹಿಂದೆ ಬೆಳೆಯಿತು. ಭಕ್ಷೀಸು ಅಮೆರಿಕಕ್ಕೆ ತಕ್ಕುದಲ್ಲವೆಂದು ದಕ್ಷಿಣ ಕೆರೊಲಿನಾ, ಜಾರ್ಜಿಯಾ ಮೊದಲಾದ ಕೆಲವು ರಾಜ್ಯಗಳು ಒಮ್ಮೆ ಅದನ್ನು ನಿಷೇಧಿಸಿದ್ದವು. 1926ರೊಳಗೆ ಆ ಕಾನೂನುಗಳೆಲ್ಲ ರದ್ದಾದವು. 1966ರಲ್ಲಿ ಕನಿಷ್ಠ ವೇತನದ ಒಂದು ಪಾಲನ್ನು ಟಿಪ್ಸ್‌ನಿಂದ ತುಂಬಲು ಮಾಲೀಕರಿಗೆ ಅವಕಾಶ ದೊರೆಯಿತು. ಉತ್ತರ ಕೆರೊಲಿನಾದಲ್ಲಿ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, ಟಿಪ್ಸ್ ಪಡೆಯುವವರಿಗೆ ಮಾಲೀಕರು ಕೊಡಲೇಬೇಕಾದದ್ದು 2.13 ಡಾಲರ್ ಮಾತ್ರ. ಟಿಪ್ಸ್ ಸೇರಿಯೂ ಕನಿಷ್ಠ ವೇತನ ಮುಟ್ಟದಿದ್ದರೆ ಕೊರತೆಯನ್ನು ಮಾಲೀಕರು ತುಂಬಬೇಕು. 2.13 ಎಂಬ ಆ ಕೇಂದ್ರ ದರ 1991ರಿಂದ ಬದಲಾಗಿಲ್ಲ.

ವೈನ್ ಬಾರಿನಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಈ ರಾಜ್ಯದಲ್ಲಿ 1978ರವರೆಗೆ ಕಡುಮದ್ಯವನ್ನು ಗ್ಲಾಸಿನ ಲೆಕ್ಕದಲ್ಲಿ ಮಾರುವಂತಿರಲಿಲ್ಲ. ಗಿರಾಕಿಗಳು ತಮ್ಮ ಶೀಷೆಯನ್ನು ಕಾಗದದ ಚೀಲದಲ್ಲಿ ತರುತ್ತಿದ್ದರು. ಇಂದು ಬಿಲ್ಲಿನ ದೊಡ್ಡ ಪಾಲು ಪಾನೀಯದ್ದೇ ಆಗಿರಬಹುದು, ಟಿಪ್ಸ್ ಬಿಲ್ಲಿನ ಶೇಕಡಾವಾರು. ವೈನ್ ಕೇಳದೆ ಎರಡು ಸಸ್ಯಾಹಾರಿ ತಿನಿಸುಗಳನ್ನು ಹಂಚಿಕೊಳ್ಳುವ ಮೇಜಿನಿಂದ ಹೆಚ್ಚು ಬರದೆಂದು ಬಡಿಸುವವರು ಮೊದಲೇ ಎಣಿಸುವುದುಂಟು. ಮುಖ ನೋಡಿಯೇ ಹಾಗೆ ಎಣಿಸಿದರೆ ಅದು ಭೇದವೇ. ಅಡುಗೆಮನೆಯಲ್ಲಿ ಜನ ಸಾಲದೆ ತಡವಾದರೆ ಅದು ಆಡಳಿತದ ದೋಷ. ಸೇವೆಯೂ ಕಲಿಸಿ ಕಲಿಯಬೇಕಾದ ವಿದ್ಯೆ. 1924ರಲ್ಲಿ ಆರಂಭವಾದ ಬೆಂಗಳೂರಿನ ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನೂ ಕ್ರಮವನ್ನೂ ಕಣ್ಣಾರೆ ಕಂಡು, ಮರಳಿ ಬಂದು ತಮ್ಮಲ್ಲಿ ಅಳವಡಿಸಿದರು. ಕೆಟ್ಟ ಸೇವೆಗೆ ಮೊದಲ ಹೊಣೆ ಮಾಲೀಕರದೆಂಬುದನ್ನು ಅವರು ಅರಿತಿದ್ದರು.

ಈ ಇತಿಹಾಸದಿಂದ ನಮಗೆ ತೋರುವುದಿಷ್ಟು. ಟೆರೆಲ್ ಅವರಾಗಲಿ, ಗ್ರೀನ್ಸ್‌ಬರೋದ ಹುಡುಗರಾಗಲಿ, ಅನಾಪೊಲಿಸ್‌ನ ಅಧಿಕಾರಿಗಳಾಗಲಿ ಅವಮಾನವನ್ನು ನುಂಗಿ ಎದ್ದು ಹೋಗಲಿಲ್ಲ, ಬಡಿಸುವವರ ಮೇಲೆ ಕೂಗಾಡಲೂ ಇಲ್ಲ. ನಡೆದದ್ದನ್ನು ಸ್ಪಷ್ಟವಾಗಿ ದಾಖಲಿಸಿ, ಹೊಣೆಯುಳ್ಳವರ ಮುಂದಿಟ್ಟರು. ನಾವೂ ಅಲ್ಲಿಯೇ, ಆಗಲೇ, ಮ್ಯಾನೇಜರನ್ನು ಕರೆದು ಸೌಮ್ಯವಾಗಿ ಕಾರಣ ಕೇಳೋಣ. ಹೊತ್ತನ್ನು ಬರೆದಿಟ್ಟು ರಸೀದಿಯನ್ನು ಕಾಪಾಡೋಣ. 2.13 ಡಾಲರಿಗೆ ದುಡಿಯುವ ಕೈಯ ಟಿಪ್ಸ್ ಕಡಿದು ಮಾಲೀಕರ ತಪ್ಪಿಗೆ ದಂಡ ಹಾಕುವುದು ಬೇಡ. ಭೇದವೇ ನಡೆದಿದೆಯೆಂದು ಕಂಡುಬಂದರೆ ಕೇಂದ್ರ ನ್ಯಾಯ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗಕ್ಕೆ ದೂರು ಕೊಡುವ ದಾರಿಯೂ ಇದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇಂಥ ಮೇಜುಗಳಿಗೂ ಸಲ್ಲುತ್ತದೆ.

ಗ್ರೀನ್ಸ್‌ಬರೋದ ಆ ಮಳಿಗೆ 2010ರಿಂದ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಗಿದೆ. ಆ ಕಟ್ಟೆಯ ಒಂದು ಭಾಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಇತಿಹಾಸ ಸಂಗ್ರಹಾಲಯದಲ್ಲಿದೆ. ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಒಂದು ದಿನವನ್ನು ಅಲ್ಲಿಗಾಗಿ ಮೀಸಲಿಡಬೇಕೆಂದು ಎಲ್ಲ ಸದಸ್ಯ ಕುಟುಂಬಗಳಲ್ಲಿ ವಿನಂತಿಸುತ್ತೇವೆ.