ಸ್ಟುಡಿಯೋದಿಂದ ಎಕ್ಸ್-ರೇ ಕೋಣೆಗೆ

ಫ್ಯಾಷನ್ ಫೋಟೋ ಎಂದರೆ ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಉಳ್ಳವರ ಉಡುಪಿಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ನಾವೂ ಕೇಳಿದ್ದುಂಟು. ಬರ್ಲಿನ್‌ನ ಇವಾ ಅವರ ಬದುಕನ್ನು ಓದಿದ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ.

1900ರಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ಎಲ್ಸೆ ನೊಯ್ಲೆಂಡರ್, 1925ರಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಇವಾ ಎಂಬುದು ಅವರ ವೃತ್ತಿಯ ಹೆಸರು. ಆಗಿನ್ನೂ ಫ್ಯಾಷನ್ ಪತ್ರಿಕೆಗಳಲ್ಲಿ ಕೈಯಿಂದ ಬಿಡಿಸಿದ ಚಿತ್ರಗಳದೇ ಕಾರುಬಾರು. ಕುಂಚವು ಸೊಂಟವನ್ನು ಬೇಕಾದಷ್ಟು ಸಣ್ಣದಾಗಿಸಬಲ್ಲದು, ಕ್ಯಾಮರಾಕ್ಕೆ ಆ ಸ್ವಾತಂತ್ರ್ಯವೆಲ್ಲಿ? ಇವಾ ಒಂದೇ ನೆಗೆಟಿವ್‌ನ ಮೇಲೆ ಮತ್ತೆ ಮತ್ತೆ ಬೆಳಕು ಹಾಯಿಸಿ, ಭಂಗಿಯ ಮೇಲೆ ಭಂಗಿಯನ್ನು ಮೂಡಿಸಿದರು. ಒಮ್ಮೆ ಅಳತೆ ತಪ್ಪಿದರೂ ಅಷ್ಟೂ ಶ್ರಮ ವ್ಯರ್ಥ. 'ಊಹು' ಪತ್ರಿಕೆಗೆ ಅವರು ಫೋಟೋಗಳಲ್ಲೇ ಕತೆ ಹೇಳಿದ್ದನ್ನು ಕಂಡರೆ, ಕತೆ ಬರೆಯುವ ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. 1936ರಲ್ಲಿ ಹದಿಹರೆಯದ ಯಹೂದಿ ಹುಡುಗ ಹೆಲ್ಮುಟ್ ನ್ಯೂಟನ್ ಇವಾ ಅವರ ಬಳಿ ಕೆಲಸ ಕಲಿಯಲು ಸೇರಿದ. 1938ರಲ್ಲಿ ಸ್ಟುಡಿಯೋ ಮುಚ್ಚಬೇಕಾಯಿತು. ಡಿಸೆಂಬರಿನಲ್ಲಿ ಹುಡುಗ ಝೂ ನಿಲ್ದಾಣದಿಂದ ರೈಲು ಹತ್ತಿ ದೇಶ ಬಿಟ್ಟ. ಗುರು ಅಲ್ಲೇ ಉಳಿದರು. ರೇಷ್ಮೆಯ ಹೊಳಪನ್ನು ಹಿಡಿದ ಕೈಗಳು ಯಹೂದಿ ಆಸ್ಪತ್ರೆಯಲ್ಲಿ ರೋಗಿಗಳ ಎಲುಬುಗಳ ಎಕ್ಸ್-ರೇ ತೆಗೆಯತೊಡಗಿದವು. 1942ರ ಜೂನಿನಲ್ಲಿ ಪತಿಯೊಂದಿಗೆ ಅವರನ್ನು ಹಿಡಿದು ಪೂರ್ವಕ್ಕೆ ಸಾಗಿಸಿದರು. ಇಬ್ಬರೂ ಮರಳಲಿಲ್ಲ.

ನ್ಯೂಟನ್ ಜಗತ್ಪ್ರಸಿದ್ಧರಾದರು. ಅವರ ನಗ್ನಚಿತ್ರಗಳ ಬಗ್ಗೆ ನಮ್ಮ ತಕರಾರು ಬೇರೆಯೇ ಇದೆ, ಅದಿರಲಿ. 2004ರಲ್ಲಿ ಅದೇ ಝೂ ನಿಲ್ದಾಣದ ಪಕ್ಕದಲ್ಲಿ ಅವರ ಹೆಸರಿನ ಮ್ಯೂಸಿಯಂ ತೆರೆಯಿತು. ಸಮೀಪದಲ್ಲೇ, ರೈಲು ಹಳಿಯ ಬದಿಯ ಒಂದು ಸಣ್ಣ ಹಾದಿಗೆ 2011ರಲ್ಲಿ ಇವಾ ಅವರ ಹೆಸರಿಟ್ಟರು.