ಎಲ್ಲವನ್ನೂ ತಾನೇ ಮಾಡುವ ಕಂಪನಿಗೆ ನಷ್ಟವೇ ಇಲ್ಲವೇ? ಕೆಜಿಎಫ್ ಕತೆ ನೋಡಿ

ವಾದ: ಕಚ್ಚಾವಸ್ತುವಿನಿಂದ ಸಿದ್ಧವಸ್ತುವಿನವರೆಗೆ ಎಲ್ಲವೂ ತನ್ನ ಕೈಯಲ್ಲೇ ಇರುವ ಕಂಪನಿ ಮುಳುಗುವುದಿಲ್ಲ.

ವಾಸ್ತವ: ಪೂರ್ತಿ ನಿಜವಲ್ಲ.

ಉತ್ಪಾದನೆಯ ಹಲವು ಹಂತಗಳನ್ನು ಒಂದೇ ಕಂಪನಿ ನಡೆಸುವುದನ್ನು 'ವರ್ಟಿಕಲ್ ಇಂಟಿಗ್ರೇಷನ್' ಎನ್ನುತ್ತಾರೆ. ನಮಗೆ ಹತ್ತಿರದ ಉದಾಹರಣೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ನಿರ್ವಹಣೆಯಲ್ಲಿ ಅದಿರು ಅಗೆಯುವುದು, ಪುಡಿ ಮಾಡುವುದು, ಸಯನೈಡ್‌ನಿಂದ ಚಿನ್ನ ಬೇರ್ಪಡಿಸುವುದು, ಕರಗಿಸಿ ಗಟ್ಟಿ ಮಾಡುವುದು ಎಲ್ಲವೂ ಅಲ್ಲೇ ನಡೆಯುತ್ತಿತ್ತು. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಕಲ್ಲನ್ನು ದೂರ ಸಾಗಿಸಿದರೆ ಗಿಟ್ಟುತ್ತಿರಲಿಲ್ಲ.

ಆದರೆ ಎಲ್ಲವನ್ನೂ ತಾವೇ ಮಾಡಲಿಲ್ಲ. 1902ರಿಂದ ಮೈಸೂರು ಸರ್ಕಾರದ ಶಿವನಸಮುದ್ರ ಕೇಂದ್ರದ ವಿದ್ಯುತ್ ಕೊಂಡರು. ಹೊರಗಿನ ಸಾಮಾನು ತರಲು ಬಂಗಾರಪೇಟೆಯ ರೈಲು ಮಾರ್ಗವಿತ್ತು.

ಮುಂದೆ ಗಣಿಯ ಆಳ 3 ಕಿ.ಮೀ. ದಾಟಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು, ಖರ್ಚು ಏರಿತು. ಕೊನೆಗೆ ಸರ್ಕಾರಿ ಸಂಸ್ಥೆ ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಗಣಿ ಮುಚ್ಚಿತು. ಅದಿರು ನಿಂತಾಗ ಗಿರಣಿಯೂ ನಿಂತಿತು, ಅದನ್ನೇ ನಂಬಿದ್ದ ಊರಿನ ದುಡಿಮೆಯೂ ನಿಂತಿತು.

ಹಂತಗಳು ಒಂದೇ ಕೈಯಲ್ಲಿದ್ದರೆ ಉಳಿತಾಯವಾಗಬಹುದು, ಹೊಡೆತವೂ ಒಟ್ಟಿಗೇ ಬೀಳಬಹುದು. ಇಂಥ ಫಾರ್ವರ್ಡ್ ನಂಬಿ ಷೇರಿಗೆ ಹಣ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲ ಹಂತ ಕೈಕೊಟ್ಟರೆ ಉಳಿದವುಗಳ ಗತಿಯೇನು?