ಒಂದು ಫ್ರೆಂಚ್ ಪದ ಮತ್ತು ನಮ್ಮ ‘ನಡತೆ’

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಅಝಾನಿನ ಕರೆಯೂ ಚರ್ಚಿನ ಗಂಟೆಯೂ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಎಲ್ಲ ಧರ್ಮದವರೂ ಸೇರುವ ಸಂತ ಮೇರಿ ಬಸಿಲಿಕಾ ಇಲ್ಲೇ ಇದೆ. ಈಗಿನ ಕಟ್ಟಡ 1882ರಲ್ಲಿ ಪ್ರತಿಷ್ಠೆಗೊಂಡಿತು. ಬಸಿಲಿಕಾ ಪದವಿ ಸಿಕ್ಕಿದ್ದು 1973ರಲ್ಲಿ. ಅದಕ್ಕೂ ಬಹಳ ಹಿಂದೆ, ಈ ಪ್ರದೇಶ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಕಾಲದಲ್ಲಿ, ಇಲ್ಲೊಂದು ಸಣ್ಣ ಪ್ರಾರ್ಥನಾಲಯ ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ, ಫ್ರೆಂಚಿನಲ್ಲಿ ಪಾದ್ರಿ. ಜಗತ್ತಿಗೆ ಅವರು ಪರಿಚಿತರಾದದ್ದು ಒಂದು ಪುಸ್ತಕದಿಂದ. ಆ ಪುಸ್ತಕದ ಹೆಸರಿನ ಮೊದಲ ಪದವೇ ಅನುವಾದಕರಿಗೆ ಸವಾಲಾಗಿತ್ತು.

ಟಿಪ್ಪು ಸುಲ್ತಾನರ ಪತನದ ನಂತರ, ಅಂದರೆ 1799ರ ಬಳಿಕ, ದ್ಯುಬುವಾ ಮೈಸೂರು ಸೀಮೆಗೆ ಬಂದರು. 1823ರಲ್ಲಿ ತಾಯ್ನಾಡಿಗೆ ಮರಳುವವರೆಗೆ ಇಲ್ಲಿನ ಜನರ ಉಡುಪು ತೊಟ್ಟು, ಅವರಂತೆಯೇ ಬದುಕಿದರು. ಸಿಡುಬಿನ ಲಸಿಕೆಯನ್ನು ಈ ನಾಡಿನಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ಜನಜೀವನವನ್ನು ಕುರಿತು ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ 1807ರಲ್ಲಿ ಅದನ್ನು 2,000 ವರಹಕ್ಕೆ ಕಂಪನಿಯ ಪರವಾಗಿ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಲೇಖಕರು ತಿದ್ದಿದ ಫ್ರೆಂಚ್ ಆವೃತ್ತಿ ಹೊರಬಂದದ್ದು 1825ರಲ್ಲಿ.

ಫ್ರೆಂಚ್ ಶೀರ್ಷಿಕೆಯ ಮೊದಲ ಪದ ‘ಮರ್ಸ್’. ಲ್ಯಾಟಿನ್ ಮೂಲದ ಈ ಪದಕ್ಕೆ ಜನರ ರೂಢಿ, ನಡವಳಿಕೆ, ನೀತಿ ಎಂಬ ಮೂರೂ ಅರ್ಥಗಳಿವೆ. 1804ರ ಫ್ರೆಂಚ್ ಸಿವಿಲ್ ಸಂಹಿತೆಯಲ್ಲಿ ‘ಒಳ್ಳೆಯ ಮರ್ಸ್’ ಎಂದರೆ ಸಾರ್ವಜನಿಕ ನೀತಿ. ವಾಲ್ಟೇರನ ಇತಿಹಾಸ ಗ್ರಂಥದ ಹೆಸರಿನಲ್ಲಿ ಅದೇ ಪದಕ್ಕೆ ಜನಾಂಗಗಳ ಬಾಳುವ ರೀತಿ ಎಂಬರ್ಥ. ಇಂಗ್ಲಿಷಿನಲ್ಲಿ ಇವು ಮೂರು ಬೇರೆ ಪದಗಳು: ‘ಮ್ಯಾನರ್ಸ್’, ‘ಕಸ್ಟಮ್ಸ್’, ‘ಮಾರಲ್ಸ್’. ಅನುವಾದಕ ಯಾವುದನ್ನಾದರೂ ಆರಿಸಲೇಬೇಕು. 1816ರ ಅನುವಾದದ ಹೆಸರಿನಲ್ಲಿ ‘ಸ್ವಭಾವ, ಮ್ಯಾನರ್ಸ್, ಕಸ್ಟಮ್ಸ್’ ಎಂದು ಪದಗಳನ್ನು ಜೋಡಿಸಿದರು. 1897ರಲ್ಲಿ ಹೆನ್ರಿ ಬೋಷಾಂಪ್ ಹೊಸದಾಗಿ ಅನುವಾದಿಸಿದಾಗ ‘ಮ್ಯಾನರ್ಸ್’ ಉಳಿಯಿತು; ಮೂಲದಲ್ಲಿ ‘ಸಂಸ್ಥೆಗಳು’ ಎಂದಿದ್ದಲ್ಲಿ ‘ಕಸ್ಟಮ್ಸ್’ ಬಂದು ಕೂತಿತು. ‘ಭಾರತದ ಜನಾಂಗಗಳ’ ಎಂಬ ಮಾತು ‘ಹಿಂದೂ’ ಆಯಿತು. ಪುಸ್ತಕದ ಬಹುಭಾಗ ಹಿಂದೂ ಸಮಾಜವನ್ನು ಕುರಿತದ್ದೇ ಆದ್ದರಿಂದ ಇದನ್ನು ಸುಳ್ಳೆನ್ನಲಾಗದು. ಆದರೆ ಮೂಲದಲ್ಲಿದ್ದ ಬಹುವಚನ ಕಳೆದುಹೋಯಿತು.

ಇದು ಪಂಡಿತರ ಜಗಳ ಮಾತ್ರವೇ? ಅಲ್ಲವೆಂಬುದಕ್ಕೆ ಹಸ್ತಪ್ರತಿ ಮಾರಾಟವಾದ ಹಿಂದಿನ ವರ್ಷವೇ ಸಾಕ್ಷಿ. ಸಿಪಾಯಿಗಳು ಸಮವಸ್ತ್ರದಲ್ಲಿದ್ದಾಗ ಹಣೆಗೆ ನಾಮ, ವಿಭೂತಿ ಹಚ್ಚಬಾರದು, ಗಡ್ಡ ಬಿಡಬಾರದು, ಹೊಸ ಬಗೆಯ ಪೇಟ ತೊಡಬೇಕು ಎಂದು ಮದರಾಸಿನ ಸೇನಾಧಿಕಾರಿಗಳು ಆಜ್ಞೆ ಹೊರಡಿಸಿದ್ದರು. ಅಧಿಕಾರಿಗಳಿಗೆ ಇದು ಉಡುಪಿನ ಶಿಸ್ತು, ಬರಿಯ ‘ಮ್ಯಾನರ್ಸ್’. ಹಿಂದೂ ಸಿಪಾಯಿಗೆ ಅದು ಧರ್ಮದ ಪ್ರಶ್ನೆ, ಮುಸ್ಲಿಮ್ ಸಿಪಾಯಿಗೆ ದೀನಿನ ಪ್ರಶ್ನೆ. 1806ರ ಜುಲೈ 10ರಂದು ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೆಲ್ಲೂರು ಕೋಟೆಯಲ್ಲಿ ಇಬ್ಬರೂ ಸೇರಿ ಬಂಡೆದ್ದರು. ಬೆಂಟಿಂಕ್ ಅಧಿಕಾರ ಕಳೆದುಕೊಂಡರು. ಅದೇ ಬೆಂಟಿಂಕ್, ಈ ಪುಸ್ತಕ ಜನರ ಆಚಾರಕ್ಕೆ ಹೊಂದಿಕೊಂಡು ನಡೆಯಲು ಸರಕಾರಿ ನೌಕರರಿಗೆ ನೆರವಾದೀತು ಎಂದು ಭಾವಿಸಿದ್ದರು. ಅಂದರೆ ಆಳುವವರು ಪಾಠ ಕಲಿಯಲೆಂದು ಕೊಂಡ ಪುಸ್ತಕವಿದು.

ಆದರೆ ಪಾಠವೂ ನೇರವಾಗಿರಲಿಲ್ಲ. ಪುಸ್ತಕದ ಎಷ್ಟೋ ಭಾಗಗಳ ಮೂಲ, 1779ರಲ್ಲಿ ತೀರಿಕೊಂಡ ಜೆಸ್ವಿಟ್ ಪಾದ್ರಿ ಕರ್ದೂ ಅವರ ಬರಹ ಎಂಬುದನ್ನು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ಹಳೆಯ ಬರಹ ಹೊಸ ಲೇಖಕರ ಕೈಗೆ, ಫ್ರೆಂಚಿನಿಂದ ಇಂಗ್ಲಿಷಿಗೆ, ಅಲ್ಲಿಂದ ಅಧಿಕಾರಿಯ ಮೇಜಿಗೆ. ಈ ದಾರಿಯುದ್ದಕ್ಕೂ, ಯಾರ ಬಗ್ಗೆ ಬರೆದಿದ್ದರೋ ಅವರನ್ನು ‘ಇದಕ್ಕೆ ನೀವು ಏನೆನ್ನುತ್ತೀರಿ?’ ಎಂದು ಕೇಳುವ ಏರ್ಪಾಡು ಇರಲಿಲ್ಲ.

ಕೇಳಿದ್ದರೆ ಕನ್ನಡಿಗ ಸುಲಭವಾಗಿ ಉತ್ತರಿಸುತ್ತಿದ್ದ. ನಮ್ಮಲ್ಲಿ ‘ನಡೆ’ ಎಂಬ ಒಂದೇ ಬೇರಿನಿಂದ ಮೂರೂ ಅರ್ಥ ಹುಟ್ಟುತ್ತವೆ. ಹಿರಿಯರೆದುರು ಚೆನ್ನಾಗಿ ‘ನಡೆದುಕೊಂಡ’ ಎಂದರೆ ಸಭ್ಯತೆ. ಮನೆತನದಲ್ಲಿ ‘ನಡೆದುಕೊಂಡು ಬಂದದ್ದು’ ಎಂದರೆ ರೂಢಿ. ‘ನಡತೆಗೆಟ್ಟವ’ ಎಂದರೆ ನೀತಿ ತಪ್ಪಿದವ. ಫ್ರೆಂಚ್ ಪದಕ್ಕೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ. ದಂಡಿನ ಪ್ರದೇಶದ ಉರ್ದು ಮನೆಗಳಲ್ಲಾದರೋ ಅದಬ್, ರಸ್ಮ್‌-ರಿವಾಜ್, ಅಖ್ಲಾಕ್ ಎಂದು ಮೂರು ಪದಗಳಿವೆ. ಇಸ್ಲಾಮೀ ನ್ಯಾಯಶಾಸ್ತ್ರವು ‘ಉರ್ಫ್’ ಅಂದರೆ ಸ್ಥಳೀಯ ರೂಢಿಯನ್ನು, ಶರೀಅತ್ತಿನ ಮೂಲಗಳಿಗೆ ವಿರುದ್ಧವಾಗದಷ್ಟು ಮಟ್ಟಿಗೆ, ಗೌರವಿಸುತ್ತದೆ. ರೂಢಿಯನ್ನೂ ಧರ್ಮವನ್ನೂ ಬೇರೆ ಬೇರೆಯಾಗಿ ಗುರುತಿಸುವ ವಿವೇಕ ನಮ್ಮ ಪರಂಪರೆಗೆ ಹೊಸದಲ್ಲ. ಮದುವೆಯ ವರದಕ್ಷಿಣೆಯನ್ನು ನಾವು ಧರ್ಮವೆಂದು ತೋರಿಸಿಕೊಂಡರೆ ತಪ್ಪು ನಮ್ಮದೇ.

ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. 2022ರ ಮಾರ್ಚ್ 15ರಂದು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲವೆಂದು ಕರ್ನಾಟಕ ಹೈಕೋರ್ಟ್ ಹೇಳಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಉಡುಪೇ, ರೂಢಿಯೇ, ಧರ್ಮವೇ ಎಂಬ ವಿಂಗಡಣೆಯ ಮೇಲೆ ಹೆಣ್ಣುಮಕ್ಕಳ ಓದು ನಿಂತುಬಿಟ್ಟಾಗ, ಪದದ ಆಯ್ಕೆ ಎಷ್ಟು ಭಾರವೆಂದು ತಿಳಿಯುತ್ತದೆ.

ನೆರೆಯವರ ಬದುಕಿಗೆ ಹೆಸರಿಡುವ ಮುನ್ನ ಅವರನ್ನೇ ಕೇಳುವುದು ಅನುವಾದಕನ ಮೊದಲ ಕರ್ತವ್ಯ. ಹಲವು ಭಾಷೆ, ಹಲವು ಧರ್ಮಗಳ ನಡುವೆ ಬಾಳುವ ನಾವೆಲ್ಲರೂ ದಿನನಿತ್ಯ ಅನುವಾದಕರೇ ಆಗಿರುವುದರಿಂದ, ಆ ಕರ್ತವ್ಯ ನಮ್ಮೆಲ್ಲರದೂ ಹೌದು.